ದಂಡಕ್ಕೊಂದು ಮೇರೆ: ಸರ್ ರಾಬರ್ಟ್ ಪೀಲರ ಜೀವನ

ರಾಜ್ಯವಿರುವಲ್ಲಿ ದಂಡವೂ ಇರಲೇಬೇಕು. ದಂಡವಿಲ್ಲದ ನಾಡಿನಲ್ಲಿ ದೊಡ್ಡ ಮೀನು ಸಣ್ಣ ಮೀನನ್ನು ನುಂಗುವಂತೆ ಬಲ್ಲಿದನು ಬಡವನನ್ನು ನುಂಗುವನೆಂಬ ಸತ್ಯ ನಮ್ಮ ಪ್ರಾಚೀನ ನೀತಿಕಾರರಿಗೆ ಚೆನ್ನಾಗಿ ತಿಳಿದಿತ್ತು. ಆದರೆ ದಂಡವನ್ನು ಹಿಡಿದ ಕೈಯೇ ಬಲ್ಲಿದನ ಕೈಯಾಗಿಬಿಟ್ಟರೆ ಬಡವನು ಯಾರಲ್ಲಿ ಮೊರೆಯಿಡಬೇಕು? ಕಳ್ಳನಿಂದ ಪ್ರಜೆಯನ್ನು ಕಾಯುವವನು ಕಾವಲುಗಾರ; ಆ ಕಾವಲುಗಾರನಿಂದ ಪ್ರಜೆಯನ್ನು ಕಾಯುವವರಾರು? ಅಪರಾಧ ನ್ಯಾಯದ ಇತಿಹಾಸವೆಲ್ಲವೂ ಈ ಒಂದು ಪ್ರಶ್ನೆಯ ಸುತ್ತ ಸುತ್ತುತ್ತ ಬಂದಿದೆಯೆಂದರೆ ತಪ್ಪಾಗದು.

ಈ ಪ್ರಶ್ನೆಗೆ ಆಡಳಿತದ ಮೂಲಕವೇ ಉತ್ತರವನ್ನು ಹುಡುಕಿದವರಲ್ಲಿ ಇಂಗ್ಲೆಂಡಿನ ರಾಜಕಾರಣಿ ಸರ್ ರಾಬರ್ಟ್ ಪೀಲರು ಪ್ರಮುಖರು. ಅವರು ತಮ್ಮ ಜೀವಿತಕಾಲದಲ್ಲಿ ಎರಡು ಬಗೆಯ ಪೊಲೀಸು ಪಡೆಗಳಿಗೆ ಕಾರಣಪುರುಷರಾದರು. ಒಂದನ್ನು ಐರ್ಲೆಂಡಿನಲ್ಲಿ ಆಯುಧಪಾಣಿಯಾಗಿ ನಿಲ್ಲಿಸಿದರು; ಇನ್ನೊಂದನ್ನು ಲಂಡನ್ನಿನ ಬೀದಿಗಳಲ್ಲಿ ಬಂದೂಕು ಖಡ್ಗಗಳಿಲ್ಲದೆ ನಡೆಸಿದರು. ಎರಡನೆಯದು ಅವರಿಗೆ ಜಗತ್ತಿನಲ್ಲಿ ಕೀರ್ತಿಯನ್ನು ತಂದಿತು. ಆದರೆ ಸಮುದ್ರವನ್ನು ದಾಟಿ ನಮ್ಮ ದೇಶಕ್ಕೆ ಬಂದುದು ಮೊದಲನೆಯದರ ಮಾದರಿ. ಆದ್ದರಿಂದ ಪೀಲರ ಜೀವನವು ಪರದೇಶದ ಒಬ್ಬ ಪ್ರಧಾನಿಯ ಕಥೆ ಮಾತ್ರವಾಗಿರದೆ ನಮ್ಮ ಊರಿನ ಪೊಲೀಸು ಠಾಣೆಯ ಪೂರ್ವಕಥೆಯೂ ಆಗಿದೆ.

ಪೀಲರು 1788ನೆಯ ಇಸವಿ ಫೆಬ್ರವರಿ 5ರಂದು ಲ್ಯಾಂಕಷೈರ್ ಪ್ರಾಂತದ ಬೆರಿ ಪಟ್ಟಣದ ಸಮೀಪ ಜನಿಸಿದರು. ತಂದೆಯ ಹೆಸರೂ ರಾಬರ್ಟ್ ಪೀಲ್ ಎಂದೇ. ಹತ್ತಿಯ ನೂಲು ಮತ್ತು ಅಚ್ಚಿನ ಬಟ್ಟೆಯ ಉದ್ಯಮದಿಂದ ಅಪಾರ ಸಂಪತ್ತನ್ನು ಗಳಿಸಿ ಪಾರ್ಲಿಮೆಂಟಿನ ಸದಸ್ಯತ್ವವನ್ನೂ ಬ್ಯಾರೊನೆಟ್ ಪದವಿಯನ್ನೂ ಪಡೆದಿದ್ದ ಆ ತಂದೆಯು, ಗಿರಣಿಗಳಲ್ಲಿ ದುಡಿಯುತ್ತಿದ್ದ ಅನಾಥ ಮಕ್ಕಳ ದುಡಿಮೆಯನ್ನು ದಿನಕ್ಕೆ 12 ಗಂಟೆಗಳಿಗೆ ಮಿತಗೊಳಿಸುವ ಕಾನೂನನ್ನು 1802ರಲ್ಲಿ ಮಾಡಿಸಿದರು. ಗಿರಣಿಯ ಒಡೆಯನೇ ಗಿರಣಿಯ ಒಡೆಯರ ಅಧಿಕಾರಕ್ಕೆ ಮೇರೆ ಹಾಕಿದ ಈ ನಿದರ್ಶನವು ಬಾಲಕನ ಮನಸ್ಸಿನ ಮೇಲೆ ಎಷ್ಟು ಪರಿಣಾಮ ಮಾಡಿತೆಂದು ಅಳೆಯುವುದು ಕಷ್ಟ. ಆದರೆ ಮಗನ ಮುಂದಿನ ಬಾಳಿನಲ್ಲಿ ಇದೇ ಗುಣವು ಮತ್ತೆ ಮತ್ತೆ ತಲೆಯೆತ್ತುವುದನ್ನು ಕಾಣಬಹುದು.

ಹ್ಯಾರೊ ಶಾಲೆಯಲ್ಲಿ ಕವಿ ಬೈರನ್ನನ ಸಹಪಾಠಿಯಾಗಿದ್ದ ಪೀಲರು ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜನ್ನು ಸೇರಿ, 1808ರಲ್ಲಿ ಪ್ರಾಚೀನ ಸಾಹಿತ್ಯ ಮತ್ತು ಗಣಿತ ಇವೆರಡರಲ್ಲೂ ಪ್ರಥಮ ಶ್ರೇಣಿಯಲ್ಲಿ ಉತ್ತೀರ್ಣರಾದರು. ಮರುವರ್ಷವೇ, ತಮ್ಮ 21ನೆಯ ವಯಸ್ಸಿನಲ್ಲಿ, ಐರ್ಲೆಂಡಿನ ಕ್ಯಾಷೆಲ್ ಕ್ಷೇತ್ರದ ಮೂಲಕ ಕಾಮನ್ಸ್ ಸಭೆಯನ್ನು ಪ್ರವೇಶಿಸಿದರು. ಸ್ವಭಾವತಃ ಸಂಕೋಚಿ, ಪರಿಚಿತರಲ್ಲದವರಿಗೆ ಗರ್ವಿಯೆಂದು ಕಾಣುವಷ್ಟು ಮಿತಭಾಷಿ. ಆದರೆ ಕಾಗದಪತ್ರಗಳನ್ನು ಓದಿ ಅರಗಿಸಿಕೊಳ್ಳುವ ಶ್ರಮದಲ್ಲಿ ಅವರಿಗೆ ಸಮನಾದವರು ಆ ಸಭೆಯಲ್ಲಿ ವಿರಳರಾಗಿದ್ದರು.

1812ರಲ್ಲಿ, ಇನ್ನೂ 24 ವರ್ಷದ ತರುಣರಾಗಿದ್ದಾಗಲೇ, ಅವರು ಐರ್ಲೆಂಡಿನ ಮುಖ್ಯ ಕಾರ್ಯದರ್ಶಿಯಾಗಿ ನೇಮಕಗೊಂಡು ಆರು ವರ್ಷಗಳ ಕಾಲ ಆ ನಾಡಿನ ಆಡಳಿತವನ್ನು ನೋಡಿಕೊಂಡರು. ಐರ್ಲೆಂಡು ಆಗ ಕುದಿಯುವ ಹಂಡೆಯಂತಿತ್ತು. ಭೂಮಿ ಒಬ್ಬರದು, ಬೆವರು ಇನ್ನೊಬ್ಬರದು. ಆಳುವವರ ಮತ ಒಂದು, ಆಳಿಸಿಕೊಳ್ಳುವವರ ಮತ ಮತ್ತೊಂದು. ಬಹುಸಂಖ್ಯಾತರಾದ ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನಲ್ಲಿ ಕುಳಿತುಕೊಳ್ಳುವ ಹಕ್ಕಿರಲಿಲ್ಲ. ರಾತ್ರಿಯ ಹೊತ್ತು ಗುಂಪುಗಳು ಕೊಟ್ಟಿಗೆಗಳಿಗೆ ಬೆಂಕಿಯಿಡುವುದು, ಗೇಣಿ ವಸೂಲಿಗಾರರನ್ನು ಹೊಡೆಯುವುದು ಸಾಮಾನ್ಯವಾಗಿತ್ತು. ಪ್ರತಿಯೊಂದು ಗಲಭೆಗೂ ಸೈನ್ಯವನ್ನು ಕರೆಯುವ ಪದ್ಧತಿ ಪೀಲರಿಗೆ ಹಿಡಿಸಲಿಲ್ಲ. 1814ರಲ್ಲಿ ಅವರು ಶಾಂತಿಪಾಲನಾ ಪಡೆಯೊಂದನ್ನು ಕಾನೂನಿನ ಮೂಲಕ ಸ್ಥಾಪಿಸಿದರು. ಯಾವ ಪ್ರದೇಶವು ಅಶಾಂತವೆಂದು ಸರಕಾರ ಸಾರುವುದೋ ಅಲ್ಲಿಗೆ ಸಂಬಳದ ಮ್ಯಾಜಿಸ್ಟ್ರೇಟನೊಬ್ಬನ ಕೈಕೆಳಗೆ ಈ ಸಶಸ್ತ್ರ ಪಡೆ ಹೋಗಿ ನೆಲೆಯೂರುತ್ತಿತ್ತು. ಅದರ ಖರ್ಚಿನ ಹೊರೆಯನ್ನು ಆ ಪ್ರದೇಶದ ಜನರೇ ಹೊರಬೇಕಾಗಿತ್ತು. ಪೊಲೀಸರ ಆಗಮನವೇ ಒಂದು ಸಾಮೂಹಿಕ ದಂಡನೆಯೆಂಬಂತಾಯಿತು. 1822ರ ಕಾನೂನಿನಿಂದ ಜಿಲ್ಲಾ ಪಡೆಗಳು ಬಂದವು. 1836ರಲ್ಲಿ ಇಡೀ ವ್ಯವಸ್ಥೆ ಡಬ್ಲಿನ್ನಿನ ಕೇಂದ್ರಾಧಿಕಾರದ ಅಡಿಯಲ್ಲಿ ಏಕೀಕೃತವಾಯಿತು. ಬಂದೂಕನ್ನು ಹೊತ್ತು, ಬಿಡಾರಗಳಲ್ಲಿ ವಾಸಿಸುತ್ತ, ಮೇಲಿನ ಸರಕಾರಕ್ಕೆ ಮಾತ್ರ ಉತ್ತರ ಹೇಳುವ ಪೊಲೀಸು ಪದ್ಧತಿಯ ಮೂಲ ಇಲ್ಲಿದೆ.

ಈ ಅವಧಿಯ ಒಂದು ಪ್ರಸಂಗವನ್ನು ಪೀಲರ ಜೀವನಚರಿತ್ರೆಯಲ್ಲಿ ಮುಚ್ಚಿಡುವಂತಿಲ್ಲ. 1815ರಲ್ಲಿ ಐರಿಷ್ ಜನನಾಯಕ ಡೇನಿಯಲ್ ಒ'ಕಾನೆಲರಿಗೂ ಪೀಲರಿಗೂ ಮಾತಿಗೆ ಮಾತು ಬೆಳೆದು, ಪಿಸ್ತೂಲುಗಳಿಂದ ದ್ವಂದ್ವಯುದ್ಧ ಮಾಡುವುದೆಂದು ನಿಶ್ಚಯವಾಯಿತು. ಸ್ವದೇಶದಲ್ಲಿ ಕಾನೂನು ಅಡ್ಡಬರುವುದೆಂದು ಯೂರೋಪಿನ ಆಸ್ಟೆಂಡ್ ಬಂದರಿನಲ್ಲಿ ಸೇರಲು ಇಬ್ಬರೂ ಒಪ್ಪಿದರು. ಆದರೆ ಅಲ್ಲಿಗೆ ಹೊರಟಿದ್ದ ಒ'ಕಾನೆಲರನ್ನು ಲಂಡನ್ನಿನಲ್ಲಿಯೇ ಬಂಧಿಸಿ ಶಾಂತಿಭಂಗ ಮಾಡದಂತೆ ಕಟ್ಟುಹಾಕಲಾಯಿತು. ಶಾಂತಿಪಾಲನೆಗೆ ಪಡೆ ಕಟ್ಟಿದ ಅಧಿಕಾರಿಯೇ ಶಾಂತಿಭಂಗಕ್ಕೆ ಸಿದ್ಧನಾಗಿದ್ದನು. ಅವನನ್ನು ತಡೆದುದೂ ಕಾನೂನೇ. ಮನುಷ್ಯನ ಸ್ವಂತ ಸಂಯಮವೊಂದನ್ನೇ ನೆಚ್ಚಿಕೊಂಡರೆ ಸಾಲದು, ಅವನ ಹೊರಗೆ ಒಂದು ಕಟ್ಟಳೆ ಇರಬೇಕೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕಾಗಿಲ್ಲ.

1820ರಲ್ಲಿ ಪೀಲರ ವಿವಾಹವು ಜೂಲಿಯಾ ಫ್ಲಾಯ್ಡ್ ಎಂಬ ಕನ್ಯೆಯೊಡನೆ ನೆರವೇರಿತು. ಈಕೆಯ ತಂದೆ ಜನರಲ್ ಸರ್ ಜಾನ್ ಫ್ಲಾಯ್ಡರ ಹೆಸರು ಕನ್ನಡನಾಡಿನ ಇತಿಹಾಸಕ್ಕೆ ಅಪರಿಚಿತವಲ್ಲ. ಟಿಪ್ಪೂ ಸುಲ್ತಾನನ ವಿರುದ್ಧ ನಡೆದ ಮೈಸೂರು ಯುದ್ಧಗಳಲ್ಲಿ, 1799ರ ಶ್ರೀರಂಗಪಟ್ಟಣದ ಪತನದವರೆಗೂ, ಇಂಗ್ಲಿಷರ ಅಶ್ವದಳವನ್ನು ನಡೆಸಿದವರು ಅವರೇ.

1822ರ ಜನವರಿಯಲ್ಲಿ ಪೀಲರು ಗೃಹಮಂತ್ರಿಗಳಾದರು. ಆಗಿನ ಇಂಗ್ಲೆಂಡಿನ ದಂಡನೀತಿಯ ಸ್ಥಿತಿಯನ್ನು ನೆನೆದರೆ ಮೈ ನಡುಗುತ್ತದೆ. ಸುಮಾರು 200 ಬಗೆಯ ಅಪರಾಧಗಳಿಗೆ ಮರಣದಂಡನೆಯಿತ್ತು. ವಾಸದ ಮನೆಯಿಂದ 40 ಷಿಲ್ಲಿಂಗ್ ಬೆಲೆಯ ವಸ್ತುವನ್ನು ಕದ್ದವನು ನೇಣಿಗೆ ಅರ್ಹನಾಗುತ್ತಿದ್ದನು. ಕಾನೂನು ಇಷ್ಟು ಕ್ರೂರವಾಗಿದ್ದುದರಿಂದಲೇ ಅದು ದುರ್ಬಲವೂ ಆಗಿತ್ತು. ಕನಿಕರವುಳ್ಳ ಪಂಚಾಯಿತದಾರರು ಕದ್ದ ಮಾಲಿನ ಬೆಲೆ 39 ಷಿಲ್ಲಿಂಗ್ ಮಾತ್ರವೆಂದು ತೀರ್ಮಾನಿಸಿ ಆರೋಪಿಯ ಕೊರಳನ್ನು ಉಳಿಸುತ್ತಿದ್ದರು. ಫಿರ್ಯಾದಿಯು ತಾನೇ ಸಾಕ್ಷಿಗಳನ್ನು ಕೂಡಿಸಿ, ತನ್ನ ಖರ್ಚಿನಲ್ಲೇ ಖಟ್ಲೆಯನ್ನು ನಡೆಸಬೇಕಾಗಿದ್ದುದರಿಂದ ಬಡವರು ಕಳವಾದರೂ ಬಾಯಿಮುಚ್ಚಿಕೊಂಡಿರುತ್ತಿದ್ದರು. ಹೀಗಾಗಿ ಸಿಕ್ಕಿಬಿದ್ದ ದುರದೃಷ್ಟವಂತನಿಗೆ ನೇಣು. ಉಳಿದ ನೂರು ಮಂದಿಗೆ ಏನೂ ಇಲ್ಲ.

ಕಾವಲಿನ ವ್ಯವಸ್ಥೆಯೂ ಅಷ್ಟೇ ಶಿಥಿಲವಾಗಿತ್ತು. ನಮ್ಮ ಹಳ್ಳಿಗಳ ತಳವಾರ, ತೋಟಿಗಳಂತೆ ಅಲ್ಲಿಯೂ ಪ್ರತಿ ಪ್ಯಾರಿಷ್ಷಿಗೊಬ್ಬ ಕಾನ್‌ಸ್ಟೇಬಲ್, ರಾತ್ರಿಗೆ ಲಾಂದ್ರ ಹಿಡಿದ ಮುದಿ ಕಾವಲುಗಾರರು ಇದ್ದರು. ಸಣ್ಣ ಊರಿಗೆ ಸಾಕಾಗುತ್ತಿದ್ದ ಈ ಏರ್ಪಾಡು ಸುಮಾರು 15 ಲಕ್ಷ ಜನರು ತುಂಬಿದ್ದ ಲಂಡನ್ನಿಗೆ ಸಾಲದಾಗಿತ್ತು. ಬಹುಮಾನದ ಆಸೆಗೆ ಕಳ್ಳರನ್ನು ಹಿಡಿದುಕೊಡುವ ವೃತ್ತಿಯವರಲ್ಲಿ ಕೆಲವರು ತಾವೇ ಕಳ್ಳರ ಯಜಮಾನರಾಗಿರುತ್ತಿದ್ದರು. 1725ರಲ್ಲಿ ನೇಣಿಗೇರಿದ ಜೊನಾಥನ್ ವೈಲ್ಡನು ಅಂಥವರಲ್ಲಿ ಕುಖ್ಯಾತನು. ಕಾದಂಬರಿಕಾರ ಹೆನ್ರಿ ಫೀಲ್ಡಿಂಗರು ಮ್ಯಾಜಿಸ್ಟ್ರೇಟರಾಗಿ 1749ರ ಸುಮಾರಿಗೆ ಕಟ್ಟಿದ ಬೋ ಸ್ಟ್ರೀಟಿನ ಪಡೆ ದಕ್ಷವಾಗಿದ್ದರೂ ಬಹು ಸಣ್ಣದು. ಜನ ಗುಂಪುಗೂಡಿದಾಗ ಸರಕಾರಕ್ಕೆ ಉಳಿದ ದಾರಿ ಸೈನ್ಯವೊಂದೇ. ಅದರ ಫಲವನ್ನು 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರ್ ಕಂಡಿತು. ಮತದಾನದ ಹಕ್ಕನ್ನು ಬೇಡಿ ಶಾಂತವಾಗಿ ನೆರೆದಿದ್ದ ಸ್ತ್ರೀಪುರುಷರ ಮೇಲೆ ಕುದುರೆ ಸವಾರರು ಖಡ್ಗಗಳನ್ನು ಬೀಸಿದರು. ಹಲವರು ಸತ್ತು ನೂರಾರು ಮಂದಿ ಗಾಯಗೊಂಡರು.

ಪೀಲರು ಮೊದಲು ಕಾನೂನನ್ನು ತಿದ್ದಿದರು, ಆಮೇಲೆ ಕಾನೂನಿನ ಕೈಯನ್ನು ಕಟ್ಟಿದರು. ಈ ಕ್ರಮವು ಗಮನಾರ್ಹವಾದುದು. ಅನ್ಯಾಯದ ಕಾನೂನನ್ನು ಜಾರಿಗೊಳಿಸಲು ಸಮರ್ಥವಾದ ಪಡೆಯನ್ನು ಒದಗಿಸಿದರೆ ಅನ್ಯಾಯವು ಮತ್ತಷ್ಟು ಸಮರ್ಥವಾಗುತ್ತದೆಯೇ ಹೊರತು ನ್ಯಾಯ ಹುಟ್ಟುವುದಿಲ್ಲ. ಸರ್ ಸ್ಯಾಮ್ಯುಯಲ್ ರೊಮಿಲಿ, ಸರ್ ಜೇಮ್ಸ್ ಮ್ಯಾಕಿಂಟಾಷ್ ಮೊದಲಾದವರು ಈ ದಾರಿಯಲ್ಲಿ ಬಹುಕಾಲ ಹೋರಾಡಿದ್ದರು. ವಿರೋಧಪಕ್ಷದಲ್ಲಿದ್ದ ಅವರು ಬಿತ್ತಿದ ಬೀಜವನ್ನು ಆಳುವ ಪಕ್ಷದ ಪೀಲರು ಸಂಕೋಚವಿಲ್ಲದೆ ಬೆಳೆಸಿದರು. 1823ರ ಕಾನೂನು ಸೆರೆಮನೆಯ ಅಧಿಕಾರಿಗಳಿಗೆ ಸಂಬಳವನ್ನು ಗೊತ್ತುಮಾಡಿ, ಕೈದಿಗಳಿಂದಲೇ ಹಣ ಕೀಳುವ ಪದ್ಧತಿಯನ್ನು ತಡೆಯಿತು. ಹೆಂಗಸರ ಕಾವಲಿಗೆ ಹೆಂಗಸರೇ ಇರಬೇಕೆಂದು ವಿಧಿಸಿತು. ಅದೇ ವರ್ಷದ ಇನ್ನೊಂದು ಕಾನೂನು, ಕೊಲೆಯಂತಹ ಘೋರ ಅಪರಾಧಗಳನ್ನುಳಿದು ಮಿಕ್ಕವುಗಳಲ್ಲಿ ಮರಣದಂಡನೆಯನ್ನು ಉಚ್ಚರಿಸದಿರುವ ಸ್ವಾತಂತ್ರ್ಯವನ್ನು ನ್ಯಾಯಾಧೀಶರಿಗೆ ಕೊಟ್ಟಿತು. 1825ರಲ್ಲಿ ಪಂಚಾಯಿತದಾರರ ಆಯ್ಕೆಯ ನಿಯಮಗಳು ಒಂದುಗೂಡಿದವು. 1826ರಲ್ಲಿ ಫಿರ್ಯಾದಿಗೂ ಸಾಕ್ಷಿಗಳಿಗೂ ಖರ್ಚು ಕೊಡುವ ಏರ್ಪಾಡು ವಿಸ್ತಾರವಾಯಿತು. 1827ರಲ್ಲಿ ಕಳವಿನ ಬಗೆಗಿನ ಹತ್ತಾರು ಚದರಿದ ಶಾಸನಗಳು ಒಂದು ಕಟ್ಟಿನಲ್ಲಿ ಬಂದು, ಮನೆಗಳವಿನ ಮರಣದಂಡನೆಯ ಮಿತಿ 40 ಷಿಲ್ಲಿಂಗಿನಿಂದ 5 ಪೌಂಡಿಗೆ ಏರಿತು. ದಂಡನೆಯ ಭಯವು ಅದರ ಕ್ರೌರ್ಯದಲ್ಲಿಲ್ಲ, ಅದು ತಪ್ಪದೆ ಬರುವುದೆಂಬ ನಿಶ್ಚಯದಲ್ಲಿದೆ ಎಂಬ ತತ್ತ್ವವೇ ಇವೆಲ್ಲದರ ಬುಡದಲ್ಲಿದ್ದಿತು.

ಆದರೆ ಪೀಲರ ಕರುಣೆಗೂ ಮಿತಿಯಿತ್ತು. ಖೋಟಾ ದಸ್ತೈವಜುಗಳ ಅಪರಾಧಕ್ಕೆ ಮರಣದಂಡನೆ ಬೇಡವೆಂದು 1830ರಲ್ಲಿ ಬ್ಯಾಂಕುದಾರರೇ ಅರ್ಜಿಯಿಟ್ಟಾಗಲೂ ಅವರು ಅದನ್ನು ಪೂರ್ತಿಯಾಗಿ ತೆಗೆಯಲು ಒಪ್ಪಲಿಲ್ಲ. ಅವರು ಗೃಹಮಂತ್ರಿಗಳಾಗಿದ್ದಾಗಲೇ, 1824ರಲ್ಲಿ, ಬೀದಿಯಲ್ಲಿ ಮಲಗುವ ನಿರ್ಗತಿಕರನ್ನೂ ಭಿಕ್ಷುಕರನ್ನೂ ಸೆರೆಗೆ ಕಳುಹಿಸುವ ಕಾನೂನು ಬಂದಿತು. ಬಡತನವನ್ನೇ ಅಪರಾಧವೆಂದು ಭಾವಿಸುವ ಆ ಕಾಲದ ದೋಷದಿಂದ ಅವರು ಮುಕ್ತರಾಗಿರಲಿಲ್ಲ.

ಪೊಲೀಸು ಪಡೆಯ ಪ್ರಯತ್ನವಾದರೋ ಮೊದಲು ಸೋತಿತು. 1822ರಲ್ಲಿ ಪೀಲರೇ ಅಧ್ಯಕ್ಷರಾಗಿದ್ದ ಸಮಿತಿಯು ಬಲಿಷ್ಠ ಪೊಲೀಸು ಪಡೆಗೂ ಪ್ರಜೆಯ ಸ್ವಾತಂತ್ರ್ಯಕ್ಕೂ ಹೊಂದಿಕೆಯಾಗದೆಂದು ವರದಿ ಕೊಟ್ಟಿತು. ಈ ಅಂಜಿಕೆ ನಿರಾಧಾರವಾಗಿರಲಿಲ್ಲ. ನೆರೆಯ ಫ್ರಾನ್ಸಿನಲ್ಲಿ ಫೂಷೆಯ ಗುಪ್ತಚಾರರು ಮನೆಮನೆಯ ಮಾತುಗಳನ್ನೂ ಸರಕಾರಕ್ಕೆ ತಲುಪಿಸುತ್ತಿದ್ದುದನ್ನು ಇಂಗ್ಲಿಷರು ಕೇಳಿ ಬಲ್ಲವರಾಗಿದ್ದರು. ಪೀಲರು ವಾದವನ್ನು ಬಿಟ್ಟು ಅಂಕಿಅಂಶಗಳನ್ನು ಕೂಡಿಸುತ್ತ ಕಾದರು. 1828ರಲ್ಲಿ ಹೊಸ ಸಮಿತಿಯಾಯಿತು. 1829ರ ಜೂನ್ 19ರಂದು ಮಹಾನಗರ ಪೊಲೀಸು ಕಾನೂನಿಗೆ ದೊರೆಯ ಅಂಕಿತ ಬಿದ್ದಿತು. ಪ್ರಬಲರಾದ ಲಂಡನ್ ಸಿಟಿಯ ವರ್ತಕರ ವಿರೋಧವನ್ನು ತಪ್ಪಿಸಲು ಆ ಭಾಗವನ್ನು ಕಾನೂನಿನಿಂದ ಹೊರಗಿಟ್ಟುದು ಅವರ ವ್ಯವಹಾರಜ್ಞಾನಕ್ಕೆ ಸಾಕ್ಷಿ.

ಪಡೆಯ ಮುಖ್ಯಸ್ಥರಾಗಿ ಇಬ್ಬರು ಆಯುಕ್ತರು ನೇಮಕವಾದರು. ವಾಟರ್‌ಲೂ ಕದನದಲ್ಲಿ ಹೋರಾಡಿದ್ದ ಸೈನಿಕ ಚಾರ್ಲ್ಸ್ ರೋವನ್ ಒಬ್ಬರು. ಐರಿಷ್ ವಕೀಲ ರಿಚರ್ಡ್ ಮೇನ್ ಇನ್ನೊಬ್ಬರು. ಒಬ್ಬರಿಂದ ಶಿಸ್ತು, ಇನ್ನೊಬ್ಬರಿಂದ ಕಾನೂನು. ಅವರ ಕಚೇರಿಯ ಹಿಂಬಾಗಿಲು ಸ್ಕಾಟ್ಲೆಂಡ್ ಯಾರ್ಡ್ ಎಂಬ ಅಂಗಳಕ್ಕೆ ತೆರೆದುಕೊಂಡಿದ್ದುದರಿಂದ ಆ ಹೆಸರೇ ಮುಂದೆ ಜಗತ್ಪ್ರಸಿದ್ಧವಾಯಿತು. 1829ರ ಸೆಪ್ಟೆಂಬರ್ 29ರ ಸಂಜೆ ಹೊಸ ಪೇದೆಗಳ ಮೊದಲ ತಂಡ ಬೀದಿಗಿಳಿಯಿತು. ಮರುವರ್ಷದ ಹೊತ್ತಿಗೆ ಅವರ ಸಂಖ್ಯೆ ಸುಮಾರು 3,000ಕ್ಕೆ ಏರಿತು.

ಪಡೆಯ ರಚನೆಯ ಪ್ರತಿಯೊಂದು ವಿವರದಲ್ಲಿಯೂ ಜನರ ಅಂಜಿಕೆಗೆ ಉತ್ತರವಿತ್ತು. ಸೈನಿಕರದು ಕೆಂಪು ಅಂಗಿಯಾದ್ದರಿಂದ ಪೇದೆಗೆ ನೀಲಿಯ ಕೋಟು. ಶಿರಸ್ತ್ರಾಣದ ಬದಲು ನಾಗರಿಕರು ಧರಿಸುವಂತಹ ಎತ್ತರದ ಟೋಪಿ. ಬಂದೂಕಿಲ್ಲ, ಖಡ್ಗವಿಲ್ಲ, ಕೋಟಿನೊಳಗೆ ಅಡಗಿಸಿದ ಒಂದು ಮರದ ದೊಣ್ಣೆ, ನೆರವನ್ನು ಕರೆಯಲು ಒಂದು ಗಿಲಕಿ. ಪ್ರತಿಯೊಬ್ಬನ ಕೊರಳಪಟ್ಟಿಯ ಮೇಲೆ ಅಂಕೆಯಿದ್ದುದರಿಂದ ತಪ್ಪು ಮಾಡಿದ ಪೇದೆಯನ್ನು ಯಾವ ಪ್ರಜೆಯೂ ಗುರುತಿಸಬಹುದಾಗಿತ್ತು. ಶಿಫಾರಸಿನಿಂದ ಕೆಲಸ ಕೊಡಬಾರದು, ಮೇಲಿನ ಹುದ್ದೆಗಳು ಕೆಳಗಿನಿಂದ ಮೇಲೇರಿದವರಿಗೇ ದೊರೆಯಬೇಕು ಎಂಬುದು ಪೀಲರ ಹಟ. ಕುಡಿದು ಕೆಲಸಕ್ಕೆ ಬಂದವರನ್ನು ಆಯುಕ್ತರು ನಿರ್ದಾಕ್ಷಿಣ್ಯವಾಗಿ ತೆಗೆದುಹಾಕಿದರು. ಆರಂಭದ ವರ್ಷಗಳಲ್ಲಿ ಹೀಗೆ ಮನೆಗೆ ಹೋದವರು ಅಸಂಖ್ಯರು.

ಹೊಸ ಪೇದೆಯ ಅಧಿಕಾರ ಯಾವುದು, ಯಾವುದಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. ಅಪರಾಧ ನಡೆಯದಂತೆ ನೋಡಿಕೊಳ್ಳುವುದೇ ಅವನ ಮೊದಲ ಕರ್ತವ್ಯವೆಂದು ರೋವನ್ ಮತ್ತು ಮೇನ್ ರೂಪಿಸಿದ ಸೂಚನೆಗಳು ಹೇಳಿದವು. ಎಷ್ಟು ಮಂದಿಯನ್ನು ಹಿಡಿದನೆಂಬುದಕ್ಕಿಂತ ಅವನು ಸುತ್ತುವ ಬೀದಿ ಎಷ್ಟು ನೆಮ್ಮದಿಯಾಗಿದೆಯೆಂಬುದು ಅವನ ಯೋಗ್ಯತೆಯ ಒರೆಗಲ್ಲು. ಅವನು ಹಿಡಿಯಬಲ್ಲನು, ಆದರೆ ತೀರ್ಪು ಹೇಳಲಾರನು. ಹಿಡಿದವನನ್ನು ಮ್ಯಾಜಿಸ್ಟ್ರೇಟನ ಮುಂದೆ ನಿಲ್ಲಿಸಿದ ಕೂಡಲೇ ಅವನ ಅಧಿಕಾರ ಮುಗಿದು, ಅವನು ಒಬ್ಬ ಸಾಕ್ಷಿಯಾಗಿಬಿಡುವನು. ಹಿಂದೆ ಕಳ್ಳರನ್ನು ಹಿಡಿಸುವವರೂ ವಿಚಾರಿಸುವವರೂ ಅದೇ ಮ್ಯಾಜಿಸ್ಟ್ರೇಟರಾಗಿದ್ದರು; 1839ರ ಕಾನೂನುಗಳಿಂದ ಈ ಎರಡು ಕೆಲಸಗಳು ಪೂರ್ತಿಯಾಗಿ ಬೇರ್ಪಟ್ಟವು. ಪೀಲರ ಒಂಬತ್ತು ತತ್ತ್ವಗಳೆಂದು ಇಂದು ಪ್ರಚಾರದಲ್ಲಿರುವ ಸೂತ್ರಗಳು ಅವರ ಲೇಖನಿಯಿಂದ ಬಂದವಲ್ಲ. 20ನೆಯ ಶತಮಾನದಲ್ಲಿ ಇತಿಹಾಸಕಾರ ಚಾರ್ಲ್ಸ್ ರೀತ್ ಅವುಗಳಿಗೆ ಆ ರೂಪವನ್ನು ಕೊಟ್ಟರು. ಆದರೆ ಜನರ ಒಪ್ಪಿಗೆಯಿಲ್ಲದೆ ಪೊಲೀಸು ನಿಲ್ಲಲಾರದೆಂಬ ಅವುಗಳ ಸಾರವು 1829ರ ಏರ್ಪಾಡಿನಲ್ಲಿಯೇ ಅಡಕವಾಗಿದ್ದಿತು.

ಈ ಒಪ್ಪಿಗೆ ಸುಲಭವಾಗಿ ಬರಲಿಲ್ಲ. ಪಡೆಯ ಖರ್ಚಿಗಾಗಿ ಪ್ಯಾರಿಷ್ಷುಗಳ ಮೇಲೆ ತೆರಿಗೆ ಬಿದ್ದುದರಿಂದ ಶ್ರೀಮಂತರು ಮುನಿದರು; ಬೀದಿಯಲ್ಲಿ ತಮ್ಮನ್ನು ಅಟ್ಟುವರೆಂದು ಬಡವರು ಹಲ್ಲು ಕಡಿದರು. 1833ರ ಮೇ 13ರಂದು ಕೋಲ್ಡ್‌ಬಾತ್ ಫೀಲ್ಡ್ಸ್ ಎಂಬಲ್ಲಿ ಸಭೆಯೊಂದನ್ನು ಪೊಲೀಸರು ಬಲಪ್ರಯೋಗದಿಂದ ಚದರಿಸುವಾಗ ರಾಬರ್ಟ್ ಕಲಿ ಎಂಬ ಪೇದೆ ಇರಿತದಿಂದ ಸತ್ತನು. ಮರಣವಿಚಾರಣೆಗೆ ಕುಳಿತ ಸಾಮಾನ್ಯ ನಾಗರಿಕರು ಅದನ್ನು ಸಮರ್ಥನೀಯ ಹತ್ಯೆಯೆಂದು ತೀರ್ಮಾನಿಸಿದರು. ಜನ ಅವರನ್ನು ವೀರರಂತೆ ಮೆರೆಸಿದರು. ಆ ತೀರ್ಮಾನವು ಆಮೇಲೆ ರದ್ದಾಯಿತಾದರೂ, ಕರ್ತವ್ಯದಲ್ಲಿ ಮಡಿದ ಬಡ ಪೇದೆಯ ಸಾವಿಗೆ ಊರೇ ಸಂತೋಷಪಟ್ಟಿತೆಂಬುದು ಎಂತಹ ವಿಷಾದದ ಸಂಗತಿ! ಅದೇ ವರ್ಷ ಪೋಪೆ ಎಂಬ ಸಾರ್ಜೆಂಟನು ವೇಷ ಮರೆಸಿಕೊಂಡು ರಾಜಕೀಯ ಸಂಘವೊಂದನ್ನು ಸೇರಿ, ಸದಸ್ಯರನ್ನು ಹುರಿದುಂಬಿಸಿ ಗುಟ್ಟು ತಿಳಿಯುತ್ತಿದ್ದುದು ಬಯಲಾಯಿತು. ಪಾರ್ಲಿಮೆಂಟಿನ ಸಮಿತಿಯು ಅವನ ನಡತೆಯನ್ನು ಖಂಡಿಸಿತು. ಅವನು ಕೆಲಸವನ್ನು ಕಳೆದುಕೊಂಡನು. ವೇಷ ಮರೆಸಿದ ಪತ್ತೇದಾರರ ಸಣ್ಣ ಶಾಖೆಯೊಂದು ಹುಟ್ಟಲು 1842ರವರೆಗೆ ಕಾಯಬೇಕಾಯಿತು. ಪಡೆಯು ಹೀಗೆ ಪೆಟ್ಟು ತಿನ್ನುತ್ತ ತನ್ನ ಮೇರೆಯನ್ನು ಕಲಿಯಿತು. ಪೀಲರು 1830ರಲ್ಲಿಯೇ ಅಧಿಕಾರವನ್ನು ಬಿಟ್ಟಿದ್ದರೂ, ಅನಂತರ ಬಂದ ವಿರೋಧಪಕ್ಷದ ಮಂತ್ರಿಗಳು ಆ ಪಡೆಯನ್ನು ಉಳಿಸಿಕೊಂಡುದು ಅದರ ಯೋಗ್ಯತೆಗೆ ಸಂದ ಮನ್ನಣೆ.

ಪೊಲೀಸು ಕಾನೂನು ಬಂದ 1829ರಲ್ಲಿಯೇ ಪೀಲರ ಬಾಳಿನಲ್ಲಿ ಇನ್ನೊಂದು ತಿರುವು ಬಂದಿತ್ತು. ಕ್ಯಾಥೊಲಿಕರಿಗೆ ರಾಜಕೀಯ ಹಕ್ಕು ಕೊಡುವುದನ್ನು ಹದಿನೇಳು ವರ್ಷ ವಿರೋಧಿಸಿದ್ದ ಅವರು, ಐರ್ಲೆಂಡನ್ನು ಬಲದಿಂದ ಇನ್ನು ಹಿಡಿದಿಡಲಾಗದೆಂದು ಮನಗಂಡು, ಆ ಹಕ್ಕನ್ನು ಕೊಡುವ ಮಸೂದೆಯನ್ನು ತಾವೇ ಮಂಡಿಸಿದರು. ತಾವು ಪ್ರತಿನಿಧಿಸುತ್ತಿದ್ದ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸ್ಥಾನಕ್ಕೆ ರಾಜೀನಾಮೆಯಿತ್ತು ಮತ್ತೆ ಸ್ಪರ್ಧಿಸಿ ಸೋತರು. ದ್ರೋಹಿಯೆಂಬ ಹೆಸರು ಬಂದಿತು, ಅವರು ಹಿಂದೆಗೆಯಲಿಲ್ಲ.

1834-35ರಲ್ಲಿ ಕೆಲವೇ ತಿಂಗಳು, 1841ರಿಂದ ಐದು ವರ್ಷ ಪೀಲರು ಪ್ರಧಾನಿಗಳಾಗಿದ್ದರು. ಅವರು ಕಟ್ಟಿದ ನ್ಯಾಯದ ಕಟ್ಟಳೆಯು ಅವರನ್ನೇ ಪರೀಕ್ಷೆಗೆ ಒಡ್ಡಿದುದು ಈ ಕಾಲದಲ್ಲಿ. 1843ರ ಜನವರಿ 20ರಂದು ಲಂಡನ್ನಿನ ಬೀದಿಯಲ್ಲಿ ನಡೆದು ಹೋಗುತ್ತಿದ್ದ ಅವರ ಆಪ್ತ ಕಾರ್ಯದರ್ಶಿ ಎಡ್ವರ್ಡ್ ಡ್ರಮಂಡರ ಬೆನ್ನಿಗೆ ಡೇನಿಯಲ್ ಮೆಕ್‌ನಾಟನ್ ಎಂಬವನು ಗುಂಡು ಹಾರಿಸಿದನು. ಪ್ರಧಾನಿಯೇ ಇವರೆಂದು ಅವನು ಭ್ರಮಿಸಿದ್ದನೆಂದು ಎಲ್ಲರೂ ತಿಳಿದರು. ಎರಡನೆಯ ಗುಂಡು ಹಾರುವ ಮುನ್ನ ಅವನನ್ನು ಹಿಡಿದು ಕೆಡವಿದವನು ಪೀಲರ ಪಡೆಯ ಒಬ್ಬ ಪೇದೆ. ಐದು ದಿನಗಳ ಮೇಲೆ ಡ್ರಮಂಡರು ತೀರಿಕೊಂಡರು. ಆದರೆ ವಿಚಾರಣೆಯಲ್ಲಿ, ಆಳುವ ಪಕ್ಷವು ತನ್ನನ್ನು ಹಗಲಿರುಳು ಬೇಟೆಯಾಡುತ್ತಿದೆಯೆಂಬ ಉನ್ಮಾದಕ್ಕೆ ಆರೋಪಿ ಒಳಗಾಗಿದ್ದನೆಂದು ವೈದ್ಯರು ಸಾಕ್ಷ್ಯ ನುಡಿದರು. ಪಂಚಾಯಿತದಾರರು ಅವನನ್ನು ಬುದ್ಧಿಭ್ರಮಣೆಯ ಕಾರಣದಿಂದ ನಿರ್ದೋಷಿಯೆಂದರು. ದೇಶವೆಲ್ಲ ಕೆರಳಿತು, ವಿಕ್ಟೋರಿಯಾ ರಾಣಿಯೂ ಅಸಮಾಧಾನಗೊಂಡರು. ಆದರೂ ತೀರ್ಪು ತೀರ್ಪಾಗಿಯೇ ಉಳಿಯಿತು. ಮೆಕ್‌ನಾಟನ್ ನೇಣಿಗೇರದೆ ಹುಚ್ಚಾಸ್ಪತ್ರೆಯಲ್ಲಿ ತನ್ನ ಉಳಿದ ಆಯುಸ್ಸನ್ನು ಕಳೆದನು. ಅದೇ ವರ್ಷ ಲಾರ್ಡ್ಸ್ ಸಭೆಯ ಪ್ರಶ್ನೆಗಳಿಗೆ ನ್ಯಾಯಾಧೀಶರು ಕೊಟ್ಟ ಉತ್ತರಗಳು ಮೆಕ್‌ನಾಟನ್ ನಿಯಮಗಳೆಂದು ಪ್ರಸಿದ್ಧವಾದವು. ಅವುಗಳ ಛಾಯೆ 1860ರ ಭಾರತೀಯ ದಂಡ ಸಂಹಿತೆಯ 84ನೆಯ ಕಲಮಿನಲ್ಲಿ ಮೂಡಿ, 2023ರ ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಮಿನಲ್ಲಿಯೂ ಉಳಿದಿದೆ. ಪ್ರಧಾನಿಯ ಪ್ರಾಣಕ್ಕೆ ಬಂದವನನ್ನೂ ಪೊಲೀಸು ಹಿಡಿಯಬಹುದು. ಶಿಕ್ಷಿಸುವುದೂ ಬಿಡುವುದೂ ನ್ಯಾಯಪೀಠಕ್ಕೆ ಸೇರಿದ್ದು.

ಅವರ ಆಳ್ವಿಕೆಯ ಕೊನೆಗೂ ಪೊಲೀಸು ಅಧಿಕಾರದ ಪ್ರಶ್ನೆಯೇ ನಿಮಿತ್ತವಾಯಿತು. 1845ರಿಂದ ಆಲೂಗಡ್ಡೆಯ ಬೆಳೆ ಕೊಳೆತು ಐರ್ಲೆಂಡಿನಲ್ಲಿ ಕ್ಷಾಮ ತಲೆದೋರಿತು. ಪೀಲರು ತಮ್ಮ ಪಕ್ಷದ ಭೂಮಾಲೀಕರನ್ನೇ ಎದುರುಹಾಕಿಕೊಂಡು, ವಿದೇಶದ ಧಾನ್ಯದ ಮೇಲಿನ ಸುಂಕವನ್ನು ತೆಗೆಯುವ ಮಸೂದೆಯನ್ನು ತಂದರು. ಜೊತೆಯಲ್ಲಿಯೇ, ಐರ್ಲೆಂಡಿನ ಅಶಾಂತ ಪ್ರದೇಶಗಳಲ್ಲಿ ರಾತ್ರಿ ಮನೆಯಿಂದ ಹೊರಬಂದವರನ್ನು ಕಠಿಣವಾಗಿ ಶಿಕ್ಷಿಸುವ ದಬ್ಬಾಳಿಕೆಯ ಮಸೂದೆಯನ್ನೂ ಮುಂದಿಟ್ಟರು. ಒಂದು ಕೈಯಲ್ಲಿ ಅನ್ನ, ಇನ್ನೊಂದು ಕೈಯಲ್ಲಿ ದಂಡ. 1846ರ ಜೂನ್ 25ರಂದು ಲಾರ್ಡ್ಸ್ ಸಭೆಯು ಅನ್ನದ ಮಸೂದೆಯನ್ನು ಅಂಗೀಕರಿಸಿತು. ಅದೇ ದಿನ ಕಾಮನ್ಸ್ ಸಭೆಯು ದಂಡದ ಮಸೂದೆಯನ್ನು 73 ಮತಗಳ ಅಂತರದಿಂದ ತಿರಸ್ಕರಿಸಿತು. ಮುನಿದ ಸ್ವಪಕ್ಷೀಯರ ಸೇಡೂ ಅದರಲ್ಲಿ ಬೆರೆತಿತ್ತು. ಜೂನ್ 29ರಂದು ಪೀಲರು ರಾಜೀನಾಮೆ ಕೊಟ್ಟರು. ಲಂಡನ್ನಿನ ಪ್ರಜೆಯ ಮೇಲೆ ಹೇರಲು ತಾವು ಎಂದೂ ಎಣಿಸದಂತಹ ಅಧಿಕಾರವನ್ನು ಐರ್ಲೆಂಡಿನ ಪ್ರಜೆಯ ಮೇಲೆ ಹೇರಬಹುದೆಂದು ಅವರು ಕೊನೆಯವರೆಗೂ ನಂಬಿದ್ದರು. ಈ ಇಬ್ಬಗೆಯ ಅಳತೆಯೇ ಅವರ ಬಾಳಿನ ದೊಡ್ಡ ಕುಂದು.

ನಾಲ್ಕು ವರ್ಷಗಳ ಅನಂತರ, 1850ರ ಜೂನ್ 29ರಂದು, ಲಂಡನ್ನಿನ ಕಾನ್‌ಸ್ಟಿಟ್ಯೂಷನ್ ಹಿಲ್ ಎಂಬಲ್ಲಿ ಕುದುರೆಯಿಂದ ಬಿದ್ದು ಪೀಲರು ತೀವ್ರವಾಗಿ ಗಾಯಗೊಂಡರು. ಜುಲೈ 2ರಂದು ಕೊನೆಯುಸಿರೆಳೆದರು. ಅಗ್ಗದ ರೊಟ್ಟಿಯನ್ನು ತಂದುಕೊಟ್ಟವರೆಂಬ ಕೃತಜ್ಞತೆಯಿಂದ ಸಾಮಾನ್ಯ ಜನ ಅವರ ಮನೆಯ ಮುಂದೆ ನೆರೆದಿದ್ದರು. ಬಡವರು ಒಂದೊಂದು ಪೆನ್ನಿಯಂತೆ ಸ್ಮಾರಕ ನಿಧಿಗೆ ಕಾಣಿಕೆ ಸಲ್ಲಿಸಿದರು. ಅವರ ಶರೀರವನ್ನು ವೆಸ್ಟ್‌ಮಿನ್‌ಸ್ಟರಿನ ವೈಭವದಲ್ಲಿ ಇಡದೆ ಸ್ವಗ್ರಾಮವಾದ ಡ್ರೇಟನ್ ಬ್ಯಾಸೆಟ್ಟಿನಲ್ಲಿ ಸಮಾಧಿ ಮಾಡಲಾಯಿತು. ಬಾಬಿ ಎಂದೂ ಪೀಲರ್ ಎಂದೂ ಇಂಗ್ಲಿಷರು ಪೇದೆಗೆ ಇಟ್ಟ ಅಡ್ಡಹೆಸರುಗಳಲ್ಲಿ ಅವರ ಹೆಸರು ಉಳಿದುಕೊಂಡಿತು. ಮೊದಲನೆಯದರಲ್ಲಿ ಸಲಿಗೆಯಿದೆ, ಐರ್ಲೆಂಡಿನಲ್ಲಿ ಹುಟ್ಟಿದ ಎರಡನೆಯದರಲ್ಲಿ ಅಂಜಿಕೆಯಿದೆ.

ಇನ್ನು ನಮ್ಮ ದೇಶದ ಮಾತು. 1843ರಲ್ಲಿ ಸಿಂಧ್ ಪ್ರಾಂತವನ್ನು ಗೆದ್ದ ಸರ್ ಚಾರ್ಲ್ಸ್ ನೇಪಿಯರ್ ಅಲ್ಲಿ ಪೊಲೀಸು ಪಡೆಯನ್ನು ಕಟ್ಟುವಾಗ ಲಂಡನ್ನಿನ ಕಡೆಗೆ ನೋಡದೆ ಐರ್ಲೆಂಡಿನ ಮಾದರಿಯನ್ನು ಆರಿಸಿಕೊಂಡರು. ಗೆದ್ದ ನಾಡಿಗೆ ಗೆದ್ದ ನಾಡಿನ ಪೊಲೀಸು! 1855ರಲ್ಲಿ ಮದ್ರಾಸ್ ಪ್ರಾಂತದ ಚಿತ್ರಹಿಂಸೆಯ ವಿಚಾರಣಾ ಆಯೋಗವು, ಕಂದಾಯ ವಸೂಲಿಗೂ ತಪ್ಪೊಪ್ಪಿಗೆಗೂ ರೈತರನ್ನೂ ಆರೋಪಿಗಳನ್ನೂ ಹಿಂಸಿಸುವ ಪದ್ಧತಿಯನ್ನು ಬಯಲಿಗೆಳೆಯಿತು. ಬಳ್ಳಾರಿ ಮತ್ತು ಕನ್ನಡ ಜಿಲ್ಲೆಗಳು ಆಗ ಆ ಪ್ರಾಂತಕ್ಕೆ ಸೇರಿದ್ದುದನ್ನು ನೆನೆಯಬೇಕು. 1857ರ ದಂಗೆಯ ಬಳಿಕ ನೇಮಕವಾದ ಪೊಲೀಸು ಆಯೋಗದ ಸಲಹೆಯಂತೆ 1861ರ ಪೊಲೀಸು ಕಾನೂನು ಬಂದಿತು. ಅದರಲ್ಲಿ ಸರಕಾರದ ಹಿಡಿತವೇ ಪ್ರಧಾನವಾಗಿ, ಪ್ರಜೆಯ ಒಪ್ಪಿಗೆಗೆ ಎಡೆಯೇ ಇರಲಿಲ್ಲ. ಆದರೆ ಆ ವರ್ಷದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಒಂದು ಮಹತ್ತ್ವದ ಮೇರೆಯೂ ಬಂದಿತು. ಪೊಲೀಸು ಅಧಿಕಾರಿಗೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲವೆಂಬ ಆ ನಿಯಮವು 1872ರ ಸಾಕ್ಷ್ಯ ಕಾನೂನಿಗೆ ಬಂದು, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಮುಂದುವರಿದಿದೆ. ತಾನು ಕಟ್ಟಿದ ಪೊಲೀಸನ್ನು ಆ ಸರಕಾರವೇ ನಂಬಲಿಲ್ಲವೆಂಬುದರ ಗುರುತು ಇದು.

ಸ್ವತಂತ್ರ ಭಾರತದ ಸಂವಿಧಾನವು, ಬಂಧಿತನನ್ನು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಯಾವ ಆರೋಪಿಯನ್ನೂ ಬಲಾತ್ಕರಿಸಬಾರದು ಎಂಬ ಕಟ್ಟಳೆಗಳನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸಿತು. ಏಕೀಕೃತ ರಾಜ್ಯಕ್ಕೆ 1963ರಲ್ಲಿ ಕರ್ನಾಟಕ ಪೊಲೀಸು ಕಾನೂನು ದೊರೆಯಿತು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಪರಾಧ ತನಿಖೆಯ ಕೆಲಸವನ್ನು ಶಾಂತಿಪಾಲನೆಯ ಕೆಲಸದಿಂದ ಬೇರ್ಪಡಿಸಬೇಕೆಂದೂ, ಪೊಲೀಸರ ಮೇಲಿನ ದೂರುಗಳನ್ನು ವಿಚಾರಿಸಲು ಪ್ರತ್ಯೇಕ ಪ್ರಾಧಿಕಾರ ಬೇಕೆಂದೂ ಎಲ್ಲ ರಾಜ್ಯಗಳಿಗೆ ನಿರ್ದೇಶಿಸಿತು. ಐರ್ಲೆಂಡಿನ ಬಿಡಾರದಿಂದ ಹೊರಟ ಪೊಲೀಸು ಲಂಡನ್ನಿನ ಬೀದಿಯ ಕಡೆಗೆ ಹೆಜ್ಜೆ ಹಾಕುವ ದೀರ್ಘ ಪಯಣವಿದು, ಇನ್ನೂ ಮುಗಿದಿಲ್ಲ.

ಶಾಲೆಗಳಲ್ಲಿ ಅನ್ನ ಅಕ್ಷರಗಳ ದಾಸೋಹವನ್ನು ಉಂಡು ಬೆಳೆದ ಮಕ್ಕಳಲ್ಲಿ ಕೆಲವರು ನಾಳೆ ಪೇದೆಗಳಾಗುವರು, ಅಧಿಕಾರಿಗಳಾಗುವರು, ವಕೀಲರೂ ನ್ಯಾಯಾಧೀಶರೂ ಆಗುವರು. ಹುದ್ದೆಯನ್ನು ಕಾಯಕವೆಂದು ತಿಳಿದವನಿಗೆ ಅದರ ಮೇರೆಯು ಬೇಲಿಯಂತೆ ತೋರದೆ ಹೊಲದ ಬದುವಿನಂತೆ ತೋರುತ್ತದೆ. ಬದುವಿದ್ದರೆ ನೀರು ನಿಲ್ಲುತ್ತದೆ, ಬೆಳೆ ಬರುತ್ತದೆ. ಬದುವೊಡೆದರೆ ಅದೇ ನೀರು ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. ಪೀಲರು ಒಂದು ನಾಡಿನಲ್ಲಿ ಆ ಬದುವನ್ನು ಹಾಕಿದರು, ಇನ್ನೊಂದು ನಾಡಿನಲ್ಲಿ ಹಾಕದೆ ಹೋದರು. ಅವರ ಜೀವನವನ್ನು ಓದುವವರು ಈ ಎರಡನ್ನೂ ಒಟ್ಟಿಗೆ ನೆನಪಿನಲ್ಲಿಟ್ಟುಕೊಂಡರೆ ಆ ಓದು ಸಾರ್ಥಕವಾದೀತು.